ಎರಡು ಬೀಗದ ಖೋಲಿ

ಬೇಡದ ಸಾಮಾನು ಬಿಸಾಕಲು ಮನಸ್ಸಿಲ್ಲ, ಮನೆಯಲ್ಲಿಡಲು ಜಾಗವಿಲ್ಲ ಎನ್ನುವ ಜನರಿಂದಲೇ ನನ್ನ ಸಂಸಾರ ನಡೆದಿದೆ. ಅಂಥವರು ಇರುವವರೆಗೆ ನನ್ನ ಕಣ್ಣೆದುರು ಏನಾದರೊಂದು ನಡೆಯುತ್ತಲೇ ಇರುತ್ತದೆ. ಆದರೆ ಗಿರಾಕಿಯ ಎದುರು ನಾನು ನಗುವುದಿಲ್ಲ. ಅವರು ಹೋದ ಮೇಲೆ ಅಡುಗೆಮನೆಗೆ ಹೋಗಿ ನಗುತ್ತೇನೆ.

೧. ಮೊದಲ ಗಿರಾಕಿ

ತೊಂಬತ್ತರ ದಶಕದಲ್ಲಿ ಕೊಟ್ಟೂರಿನ ನಮ್ಮ ಶೇಂಗಾ ಮಿಲ್ಲು ನಿಂತುಹೋಯಿತು. ಖಾಲಿ ಗೋದಾಮು ನೋಡಿದರೆ ನನಗೆ ಸಂಕಟ. ಒಳಗೆ ಗೋಡೆ ಎಬ್ಬಿಸಿ ಎಂಟು ಖೋಲಿ ಮಾಡಿಸಿ, ‘ಸಾಮಾನು ಇಡಲು ಖೋಲಿ ಬಾಡಿಗೆಗೆ ಇವೆ’ ಎಂದು ಬೋರ್ಡು ಹಾಕಿಸಿದೆ. ನಮ್ಮ ಮನೆಯವರು ಅದನ್ನು ಎರಡು ಸಲ ಓದಿ, “ತಮ್ಮ ಸಾಮಾನ ಮಂದಿ ಮನ್ಯಾಗ ಇಡಾಕ ಯಾರ್ ಬರ್ತಾರ?” ಅಂದರು.

ಮೂರನೇ ದಿನಕ್ಕೆ ಒಬ್ಬ ಅಣ್ಣ, ಒಬ್ಬ ತಮ್ಮ ಬಂದರು. ಮನೆ ಪಾಲಾಗಿತ್ತು. ಹೊಲ, ಎತ್ತು, ಪಾತ್ರೆ ಎಲ್ಲ ಹಂಚಿ, ತಾಯಿಯ ಕಾಲದ ತೊಟ್ಟಿಲು ಒಂದು ಉಳಿದಿತ್ತು. ಇಬ್ಬರೂ ಅದರಲ್ಲೇ ಮಲಗಿ ಬೆಳೆದವರು, ಇಬ್ಬರೂ ಬಿಡಲೊಲ್ಲರು. ಕಡೆಗೆ ಹಿರಿಯರು, ತೊಟ್ಟಿಲು ನನ್ನ ಖೋಲಿಯಲ್ಲಿರಲಿ, ಬಾಗಿಲಿಗೆ ಇಬ್ಬರೂ ಒಂದೊಂದು ಬೀಗ ಹಾಕಲಿ, ತೆಗೆಯುವಾಗ ಕೂಡಿಯೇ ಬರಲಿ ಎಂದು ತೀರ್ಮಾನ ಮಾಡಿದ್ದರು.

ಬಾಗಿಲ ಮುಂದೆ ನಿಂತು ತಮ್ಮ ನನಗೆ ಹೇಳಿದ: “ಅಕ್ಕಾರ, ಯಾರ ಕೀಲಿ ಮ್ಯಾಲ ಹಾಕಬೇಕು ಅಂತ ನಮ್ಮಣ್ಣಗ ಕೇಳ್ರಿ.”

ಅಣ್ಣ ಪಕ್ಕದಲ್ಲೇ ಇದ್ದ. “ಹಿರೇರದು ಮ್ಯಾಲ ಇರ್ತೈತಿ ಅಂತ ಹೇಳ್ರಿ ಅಕ್ಕಾರ.”

ಒಂದು ಮೊಳ ದೂರದ ಮಾತು ನನ್ನ ಬಾಯಿ ಹಾದು ಹೋಗಬೇಕಾಯಿತು. ಅದಕ್ಕೆ ಬೇರೆ ಬಾಡಿಗೆ ಕೇಳಲಿಲ್ಲ.

೨. ಪರೀಕ್ಷೆಯ ಟಿವಿ

ಮಗಳ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಮನೆಯಲ್ಲಿ ಟಿವಿ ಬೇಡ ಎಂದು ಒಬ್ಬ ಮೇಷ್ಟ್ರು ತಮ್ಮ ಟಿವಿ ತಂದಿಟ್ಟರು. ಅವರನ್ನು ನೋಡಿ ಮತ್ತೆ ನಾಲ್ಕು ಮಂದಿ ತಂದರು. ನನಗೂ ಖುಷಿಯಾಯಿತು.

ವಾರ ಕಳೆಯುವಷ್ಟರಲ್ಲಿ ಮೇಷ್ಟ್ರು ಆಂಟೆನಾ ಹೊತ್ತು ಬಂದರು. “ಟಿವಿ ಬಂದ್ ಇಟ್ರ ಕೆಡ್ತೈತ್ರಿ. ದಿನಾ ಒಂದ್ ತಾಸು ಹಚ್ಚಬೇಕು” ಎಂದು ನನ್ನ ತಗಡಿನ ಮೇಲೆ ಆಂಟೆನಾ ನಿಲ್ಲಿಸಿದರು. ಕ್ರಿಕೆಟ್ ಇದ್ದ ದಿನ ಆ ಒಂದು ತಾಸು ಬೆಳಿಗ್ಗೆಯಿಂದ ಸಂಜೆವರೆಗೆ ನಡೆಯುತ್ತಿತ್ತು. ಉಳಿದ ನಾಲ್ವರೂ ತಮ್ಮ ಟಿವಿ ಕೆಟ್ಟಿದೆಯೋ ಎಂದು ನೋಡಲು ಬಂದು, ಮೇಷ್ಟ್ರ ಟಿವಿಯ ಮುಂದೆ ಕೂರುತ್ತಿದ್ದರು.

ಒಂದು ದಿನ ಮೇಷ್ಟ್ರ ಮಗಳೇ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ.

“ಅಮ್ಮಾರ, ನಮ್ಮಪ್ಪಗ ಹೇಳ್ರಿ, ನನ್ನ ಪರೀಕ್ಷಿ ಮುಗದು ಹದಿನೈದು ದಿನ ಆತು.”

೩. ಮಂಚದ ಪರಿಶೀಲನೆ

ಎರಡು ಸಾವಿರದ ಇಸವಿ ದಾಟುವಾಗ ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳಲ್ಲೂ ನಮ್ಮ ಬೋರ್ಡು ಎದ್ದಿತು. ಮನೆಗಳು ಒಡೆದಂತೆಲ್ಲ ನನ್ನ ಖೋಲಿಗಳು ತುಂಬುತ್ತಿದ್ದವು. ಮಂದಿ ಮನೆಯ ಜಗಳದ ಮೇಲೆ ನಾನು ಬೆಳೆಯುತ್ತಿದ್ದೇನಲ್ಲ ಎಂದು ಒಮ್ಮೊಮ್ಮೆ ಊಟ ಸೇರುತ್ತಿರಲಿಲ್ಲ.

ಹರಪನಹಳ್ಳಿಯಲ್ಲಿ ಒಬ್ಬರು ಹಳೆಯ ಮಂಚ ಇಟ್ಟಿದ್ದರು. ಗೆದ್ದಲು ಹತ್ತಿದೆಯೋ ನೋಡುತ್ತೇನೆಂದು ದಿನಾ ಮಧ್ಯಾಹ್ನ ಬಂದು ಬಾಗಿಲು ಮುಂದೆ ಮಾಡಿಕೊಳ್ಳುವರು. ಗೊರಕೆ ಹೊರಗೆ ಕೇಳುತ್ತಿತ್ತು. ನಾನು ಅಲ್ಲಿಗೆ ಹೋಗಿದ್ದ ಒಂದು ಮಧ್ಯಾಹ್ನ ಅವರ ಹೆಂಡತಿ ಹುಡುಕಿಕೊಂಡು ಬಂದು, ಬಾಗಿಲಿಗೆ ಕಿವಿಗೊಟ್ಟು ಕೇಳಿದರು. ಜಗಳ ಆಗುತ್ತದೆಂದು ನಾನು ಎದ್ದು ನಿಂತೆ. ಆಕೆ ದನಿ ತಗ್ಗಿಸಿ ಕೇಳಿದರು:

“ಪಕ್ಕದ ಖೋಲಿ ಖಾಲಿ ಐತಾ? ನಂದೂ ಒಂದು ಮಂಚ ಐತೆ.”

೪. ತೊಟ್ಟಿಲು ಹೊರಬಂದದ್ದು

ಏಳು ವರ್ಷ ಆ ಎರಡು ಬೀಗಗಳನ್ನು ಯಾರೂ ಮುಟ್ಟಲಿಲ್ಲ. ಒಂದು ದಿನ ತಮ್ಮ ಬಂದ. ಅವನ ಮಗಳು ಹೆತ್ತಿದ್ದಳು. ತಾನು ಮಲಗಿದ ತೊಟ್ಟಿಲಲ್ಲೇ ಕೂಸನ್ನು ಹಾಕಿ ಹೆಸರಿಡಬೇಕು ಎಂದು ಬಾಣಂತಿಯ ಹಟ. “ನಮ್ಮಣ್ಣಗ ಒಂದ್ ಮಾತು ಹೇಳ್ರಿ ಅಕ್ಕಾರ” ಎನ್ನುವಾಗ ಅವನ ಕಣ್ಣು ತುಂಬಿತ್ತು.

ಅಣ್ಣ ಆಗ ಕೂಡ್ಲಿಗಿಯಲ್ಲಿದ್ದ. ನಾನೇ ಬಸ್ಸು ಹತ್ತಿ ಹೋದೆ. ಎಲ್ಲ ಕೇಳಿಸಿಕೊಂಡು ತಲೆ ತಗ್ಗಿಸಿ, “ನನಗ ಬರಾಕಾಗಲ್ರಿ” ಅಂದ. ನನಗೆ ರೇಗಿಹೋಯಿತು. “ತೊಟ್ಲ ಮಾಡಿಸಿದ್ದು ಕೂಸಿಗೆ, ನಿಮ್ಮ ಹಟಕ್ಕಲ್ಲ” ಎಂದು, ಕೊಟ್ಟ ಚಹಾ ಕುಡಿಯದೆ ಬಂದೆ.

ಹೆಸರಿಡುವ ದಿನ ಬೆಳಿಗ್ಗೆ ಅಣ್ಣ ಬಂದೇ ಬಂದ. ಇಬ್ಬರೂ ಬಾಗಿಲ ಮುಂದೆ ನಿಂತರು.

“ಮೊದಲು ಅವನು ತೆಗೀಲಿ ಅಂತ ಹೇಳ್ರಿ.”

“ಹಿರೇರು ಮೊದಲು ಅಂತ ಹೇಳ್ರಿ.”

ಯಾರ ಕೈಯೂ ಜೇಬಿಗೆ ಹೋಗಲಿಲ್ಲ. ಬಿಸಿಲು ಬಾಗಿಲಿಗೆ ಬಂತು. ಅಲ್ಲಿ ಕೂಸು ಕಾಯುತ್ತಿದೆ ಎಂದು ನನ್ನ ಜೀವ ಚಡಪಡಿಸುತ್ತಿತ್ತು. ಕೊನೆಗೆ ತಮ್ಮ ಕುಸಿದು ಕೂತು, “ಅಕ್ಕಾರ, ನಮ್ಮಣ್ಣಗ ಹೇಳಬ್ಯಾಡ್ರಿ. ನನ್ನ ಕೀಲಿಕೈ ಕಳದು ಐದು ವರ್ಷ ಆತು” ಅಂದ.

ಅಣ್ಣ ಒಂದು ಮೊಳ ದೂರದಲ್ಲೇ ಇದ್ದ. ಮೊದಲ ಸಲ ಅವನ ಮಾತು ನನ್ನನ್ನು ಬಿಟ್ಟು ನೇರವಾಗಿ ಹೋಯಿತು:

“ಲೇ ತಮ್ಮಾ, ನಂದೂ ಕಳದೈತೋ! ಅದಕ್ಕ ಬರಾಕಾಗಲ್ಲ ಅಂದಿದ್ದು!”

ಸುತ್ತಿಗೆ ಕೊಟ್ಟೆ. ಎರಡೂ ಬೀಗ ಒಡೆದರು. ಆ ಕಡೆ ಅಣ್ಣ, ಈ ಕಡೆ ತಮ್ಮ ಹಿಡಿದು ತೊಟ್ಟಿಲನ್ನು ಹೊರಗೆ ತಂದರು. ಇನ್ನು ಖೋಲಿ ಬೇರೆಯವರಿಗೆ ಕೊಡಬಹುದಲ್ಲ ಎಂದು ಕೇಳಿದೆ.

“ಬ್ಯಾಡ್ರಿ,” ಅಂದ ಅಣ್ಣ. “ಆಮ್ಯಾಲ ತೊಟ್ಲ ಯಾರ ಮನ್ಯಾಗ ಇರಬೇಕು ಅನ್ನೂದು ಇನ್ನೂ ತೀರ್ಮಾನ ಆಗಿಲ್ಲ.”

ತಮ್ಮ ತಲೆಯಾಡಿಸಿದ. “ಹೌದ್ರಿ ಅಕ್ಕಾರ. ಆದ್ರ ಈ ಸಲ ಒಂದ ಕೀಲಿ ಸಾಕು. ಕೀಲಿಕೈ ನಿಮ್ಮ ಹತ್ರ ಇರ್ಲಿ. ನಾವು ಕಳಕಂತೀವಿ.”

ಅವತ್ತು ಮಾತ್ರ ಅಡುಗೆಮನೆಗೆ ಹೋಗುವವರೆಗೆ ನನ್ನಿಂದ ತಡೆಯಲಾಗಲಿಲ್ಲ.