ಟ್ಯಾಬಿನೊಳಗೆ ಸಿಕ್ಕಿಬಿದ್ದ ಮಹಾರಾಜ

ಕೆಲವರನ್ನು ಕಂಡರೆ ಸೊಳ್ಳೆಗಳಿಗೆ ಬಲು ಪ್ರೀತಿಯಂತೆ. ಪಕ್ಕದಲ್ಲಿ ಕೂತವರನ್ನು ಬಿಟ್ಟು ಅವರನ್ನೇ ಹುಡುಕಿಕೊಂಡು ಬರುತ್ತವೆ. ನನ್ನ ವಿಷಯದಲ್ಲಿ ಫಜೀತಿಗಳು ಹಾಗೆ. ನಾನು ಪಾಂಡವಪುರದ ಒಂದು ಸಹಕಾರಿ ಬ್ಯಾಂಕಿನ ನೌಕರ, ಮನೆ ಶ್ರೀರಂಗಪಟ್ಟಣದ ಗಂಜಾಂನಲ್ಲಿ. ಕೌಂಟರಿಗೆ ಬಂದವರಿಗೆಲ್ಲ ‘ಪಾಸ್‌ವರ್ಡ್ ಯಾರಿಗೂ ಹೇಳಬೇಡಿ, ಓಟಿಪಿ ಕಟ್ಟಿಕೊಂಡವರಿಗೂ ಹೇಳಬೇಡಿ’ ಎಂದು ಪಾಠ ಹೇಳುವುದು ಸಂಬಳವಿಲ್ಲದೆ ನಾನು ಮಾಡುವ ಎರಡನೇ ಕೆಲಸ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಆ ಗಾದೆ ಕಟ್ಟಿದವರು ನನ್ನನ್ನು ನೋಡಿರಲಿಲ್ಲ ಅಷ್ಟೆ.

ಹಿಟ್ಟಿನ ಕೋಲಿನ ಗದೆ

ನನ್ನ ಹೆಂಡತಿಯ ತವರು ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟ. ಗಂಡಸಾಗಿ ಹುಟ್ಟಿದ ಮೇಲೆ ಒಂದು ಸಲವಾದರೂ ಪೌರಾಣಿಕ ನಾಟಕದಲ್ಲಿ ಬಣ್ಣ ಹಚ್ಚಲೇಬೇಕು ಎಂಬುದು ನನ್ನ ಮಾವನವರ ಸಿದ್ಧಾಂತ. ಈ ಸಲದ ನಾಟಕಕ್ಕೆ ಮಹಾರಾಜನಾಗಬೇಕಿದ್ದವನು ಸೊಂಟ ಹಿಡಿದುಕೊಂಡು ಮಲಗಿಬಿಟ್ಟ. ಮಾವ ಫೋನ್ ಮಾಡಿದರು.

"ಅಳಿಯಂದ್ರೇ, ನಿಮ್ಮ ದನಿ ದೊಡ್ಡದು. ನೀವೇ ರಾಜ ಆಗ್ಬುಡಿ."

"ಆಗಲಿ ಮಾವ. ನನಗೆ ಪ್ರಾಕ್ಟೀಸು ಗೀಕ್ಟೀಸು ಏನೂ ಬೇಡ. ನಾಟಕ ಅನ್ನೋದು ನಮ್ಮ ವಂಶದಲ್ಲೇ ಬಂದದ್ದು" ಎಂದುಬಿಟ್ಟೆ. ನಮ್ಮ ವಂಶದಲ್ಲಿ ಬಂದದ್ದು ಸಕ್ಕರೆ ಕಾಯಿಲೆ ಒಂದೇ.

ಅಂದಿನಿಂದಲೇ ಮನೆಯ ಹಿಂಬದಿಯಲ್ಲಿ, ಬಚ್ಚಲ ಪಕ್ಕದಲ್ಲಿ, ಕದ್ದುಮುಚ್ಚಿ ಪ್ರಾಕ್ಟೀಸು ಶುರುವಾಯಿತು. ಪಟಾಪಟಿ ಚಡ್ಡಿ, ಬನೀನು, ಹೆಗಲ ಮೇಲೆ ಹೆಂಡತಿಯ ರೇಷ್ಮೆ ಸೀರೆ. ಕಿರೀಟಕ್ಕೆ ಇಡ್ಲಿ ಪಾತ್ರೆಯ ಮುಚ್ಚಳ, ಗದೆಗೆ ಮುದ್ದೆ ತಿರುವುವ ಹಿಟ್ಟಿನ ಕೋಲು. ಟ್ಯಾಬನ್ನು ನೀರಿನ ಡ್ರಮ್ಮಿನ ಮೇಲೆ ಒರಗಿಸಿ ವಿಡಿಯೊ ತೆಗೆದು, ಆಮೇಲೆ ನೋಡಿ ನನ್ನನ್ನು ನಾನೇ ತಿದ್ದಿಕೊಳ್ಳುತ್ತಿದ್ದೆ. ಅಷ್ಟೊಂದು ವಿಡಿಯೊಗಳಲ್ಲಿ ಚೆನ್ನಾಗಿ ಬಂದದ್ದು ಒಂದೇ ಒಂದು. ಅದರಲ್ಲೂ, "ಎಲೈ ಸೇನಾಪತಿ! ನನ್ನ ಭುಜಬಲಕ್ಕೆ ದಿಕ್ಕುಗಳೇ ನಡುಗುತ್ತಿರುವಾಗ ಸಂಧಾನದ ಮಾತೇಕೆ?" ಎಂದು ಅಬ್ಬರಿಸಿದ ಕೂಡಲೇ ಮೂಗಿಗೆ ವಾಸನೆ ಬಡಿದು, ಅದೇ ರಾಜಗಾಂಭೀರ್ಯದಲ್ಲಿ, "ಲೇ, ಹಾಲು ಉಕ್ತಾ ಅದೆ ನೋಡೇ!" ಎಂದಿದ್ದೆ. ಒಳಗಿನಿಂದ ಹೆಂಡತಿ, "ಆರಿಸ್ದೆ ಕಣ್ರೀ, ನೀವು ಯುದ್ಧ ಮಾಡಿ!" ಎಂದು ಉತ್ತರ ಕೊಟ್ಟದ್ದೂ ಅದರಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು.

ಅತ್ತೆ ಮನೆಯ ಊರಿನಲ್ಲಿ ಅಳಿಯನ ಆಸ್ತಿ ಅಂದರೆ ಮರ್ಯಾದೆ ಒಂದೇ. ಇಡ್ಲಿ ಮುಚ್ಚಳದ ಕಿರೀಟ ಮಾವನ ಕಣ್ಣಿಗೆ ಬಿದ್ದರೆ ಮುಂದಿನ ಹಬ್ಬಕ್ಕೆ ಯಾವ ಮುಖ ಹೊತ್ತುಕೊಂಡು ಹೋಗಲಿ? ನಾಟಕ ಮುಗಿಯುವ ತನಕ ಈ ವಿಡಿಯೊಗಳನ್ನು ನರಪಿಳ್ಳೆಯೂ ನೋಡಬಾರದು ಎಂದು ನಿಶ್ಚಯಿಸಿದೆ.

ನಿಶ್ಚಯಿಸಿದ ಭಾನುವಾರವೇ ಶತ್ರುವಿನ ತಲೆಗೆ ಗದೆ ಬೀಸಿದೆ. ಶತ್ರು ಅಲ್ಲಿರಲಿಲ್ಲ, ಟ್ಯಾಬು ಇತ್ತು. ಗಾಜು ಸೀಳಿ, ಹಾರಿ, ಬಚ್ಚಲ ಬಕೆಟ್ಟಿನಲ್ಲಿ ಮುಳುಗಿತು.

"ನೆಂದದ್ದನ್ನ ಅಕ್ಕಿಯೊಳಗೆ ಹೂತಿಡಬೇಕಂತೆ" ಎಂದು ಓಡಾಡುತ್ತಿದ್ದೆ. ಅವ್ವ ತಡೆದಳು.

"ಅಕ್ಕೀಲಿ ಏನ್ಲಾ ಅದೆ ಸಕ್ತಿ? ರಾಗೀಲಿ ಇಕ್ಕು. ರಾಗಿ ತಿಂದೋನ್ಗೆ ರೋಗ ಇಲ್ಲ."

ತಾಯಿಯ ಮಾತು ಮೀರಲಾಗದೆ ಟ್ಯಾಬನ್ನು ರಾಗಿ ಡ್ರಮ್ಮಿನ ತಳಕ್ಕೆ ಇಳಿಸಿದೆ. ಮಾರನೆಯ ದಿನ ತೆಗೆದರೆ ಸೀಳಿದ ಗಾಜಿನ ಸಂದಿಯಲ್ಲಿ, ಚಾರ್ಜರ್ ತೂತಿನಲ್ಲಿ, ಎಲ್ಲೆಲ್ಲೂ ರಾಗಿ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಗಿಲಕಿಯ ಹಾಗೆ ಸದ್ದು ಬಂತು. ಅವ್ವನ ಮುಖ ಅರಳಿತು.

"ನಾನ್ ಏಳ್ನಿಲ್ವಾ? ಒಳ್ಗೆ ಜೀವ ಅದೆ ಕಣ್ಲಾ!"

ಬ್ಯಾಂಕಿಗೆಲ್ಲ ಕೇಳಿಸಿದ ಗುಟ್ಟು

ಬ್ಯಾಂಕಿನಲ್ಲಿ ಕೂತೇ ಟ್ಯಾಬು ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ನಮ್ಮ ಶಾಖೆಯಲ್ಲಿ ಸಿಗ್ನಲ್ಲು ಬರುವುದು ನನ್ನ ಕೌಂಟರಿನ ಕಿಟಕಿಯಲ್ಲಿ ಮಾತ್ರ. ಅವತ್ತು ಸಾಲಿನಲ್ಲಿ ಬೇಕಾದಷ್ಟು ಜನ. ಎದುರಿಗೇ ಪಾಸ್‌ಬುಕ್ಕು ಹಿಡಿದ ಒಬ್ಬ ತಾತ. ಅವರಿಗೆ ಆಗಷ್ಟೇ ‘ನಿಮ್ಮ ವಿವರ ಯಾರಿಗೂ ಬಿಟ್ಟುಕೊಡಬೇಡಿ’ ಎಂದು ಪಾಠ ಮುಗಿಸಿದ್ದೆ.

ಫೋನಿನಲ್ಲಿದ್ದ ಹೆಣ್ಣುಮಗಳಿಗೆ ನನ್ನ ಮಾತು ಕೇಳಿಸುತ್ತಿರಲಿಲ್ಲ. ನಾನು ದನಿ ಏರಿಸಿದೆ. ಪೂರ್ತಿ ಹೆಸರು ಕೇಳಿದಳು, ಕೂಗಿದೆ. ಹುಟ್ಟಿದ ತಾರೀಖು ಕೇಳಿದಳು, ಇನ್ನೂ ಜೋರಾಗಿ ಕೂಗಿದೆ. ಅವ್ವನ ಹೆಸರು, ಮನೆ ವಿಳಾಸ, ಫೋನ್ ನಂಬರು, ಎಲ್ಲವನ್ನೂ ಬಿಡಿಸಿ ಬಿಡಿಸಿ ಕೂಗಿದೆ. ಕಡೆಗೆ ಅವಳು, "ಒಡೆದದ್ದು, ನೆನೆದದ್ದು ಎರಡಕ್ಕೂ ವಾರಂಟಿ ಇಲ್ಲ ಸಾರ್" ಎಂದು ಇಟ್ಟುಬಿಟ್ಟಳು.

ತಲೆ ಎತ್ತಿದೆ. ಇಡೀ ಸಾಲು ನನ್ನನ್ನೇ ನೋಡುತ್ತಿತ್ತು. ತಾತ ಕಿಟಕಿಗೆ ಬಗ್ಗಿ ಮೆತ್ತಗೆ ಹೇಳಿದರು:

"ಸಾ, ಇನ್ನೊಂದ್ಸಲಿ ಏಳ್ಬುಡಿ. ಇಂದ್ಗಡೆ ನಿಂತಿರೋರ್ಗೆ ನಿಮ್ಮವ್ವಾರ ಎಸ್ರು ಸರ್ಯಾಗಿ ಕೇಳ್ನಿಲ್ವಂತೆ."

ಮನೆದೇವರು ಕಾಪಾಡಲಿಲ್ಲ

ಇನ್ನು ರಿಪೇರಿಯೇ ಗತಿ. ಆದರೆ ಎಲ್ಲಿ? ಶ್ರೀರಂಗಪಟ್ಟಣದಲ್ಲಿ ಕಂಡವರೆಲ್ಲ ಪರಿಚಯದವರು. ಪಾಂಡವಪುರದಲ್ಲಿ ಗ್ರಾಹಕರು. ಕೆ.ಆರ್. ಪೇಟೆಯಲ್ಲಿ ಕಲ್ಲು ಎಸೆದರೆ ಮಾವನ ನೆಂಟರಿಗೇ ತಾಗುತ್ತದೆ. ಗುರುತಿಲ್ಲದ ಊರೇ ಕ್ಷೇಮವೆಂದು ನಾಗಮಂಗಲದ ಬಸ್ಸು ಹತ್ತಿದೆ.

ಅಲ್ಲಿನ ರಿಪೇರಿ ಅಂಗಡಿಯಾತ ಟ್ಯಾಬನ್ನು ಬಿಚ್ಚಿ ಮೇಜಿನ ಮೇಲೆ ಬೋರಲು ಹಾಕಿ ತಟ್ಟಿದ. ರಾಗಿ ಉದುರಿತು.

"ಬಿತ್ನೆಗೆ ಇಕ್ಕಿದ್ರಾ ಸಾ?"

ಅವನು ಒರೆಸಿ, ಒಣಗಿಸಿ, ಬೇರೆ ಸ್ಕ್ರೀನು ಕೂರಿಸಿದ. ದೀಪ ಹತ್ತಿತು. ನನಗೆ ಹೋದ ಜೀವ ಬಂತು.

"ಟಚ್ಚು ನೋಡ್ಬೇಕು. ಪಾಸ್‌ವರ್ಡ್ ಏಳಿ ಸಾ."

"ಅದೆಲ್ಲ ಆಗಲ್ಲ. ನಾನು ಬ್ಯಾಂಕಿನಲ್ಲಿರೋನು. ಪಾಸ್‌ವರ್ಡ್ ಯಾರಿಗೂ ಹೇಳೋ ಹಾಗಿಲ್ಲ" ಎಂದೆ ಗತ್ತಿನಿಂದ.

"ಸರಿ ಬುಡಿ ಸಾ" ಎಂದು ಅವನು ಟೀ ತರಿಸಿದ. ಟೀ ಕುಡಿಯುತ್ತಾ ಸುಮ್ಮನೆ ಕೂರುವುದು ನಮ್ಮ ಕಡೆಯವರಿಗೆ ಬರುವುದಿಲ್ಲ.

"ಯಾವೂರು ಸಾ ತಮ್ದು?"

"ಗಂಜಾಂ. ಅಪ್ಪನ ಊರು ಪಾಲಹಳ್ಳಿ."

"ಅಯ್, ನಮ್ಮ ಚಿಕ್ಕಪ್ಪ ಎಣ್ಣು ತಂದಿರೋದೂ ಪಾಲಹಳ್ಳೀಲೇಯ! ಅಂಗಾರೆ ನೀವು ನಮ್ಮೋರೇ ಬುಡಿ. ಮನೆದೇವ್ರು ಯಾವ್ದು?"

ಮನೆದೇವರು ಯಾವುದೆಂದು ಕೇಳಿದವರಿಗೆ ಹೇಳದಿದ್ದರೆ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಲೋಟ ಕೆಳಗಿಟ್ಟು, ಕೈಮುಗಿದು, "ಚೌಡಮ್ಮ" ಎಂದೆ. ಅವನೂ ಭಕ್ತಿಯಿಂದ ಕೈಮುಗಿದ. ಆಮೇಲೆ ಅದೇ ಕೈಯಿಂದ ಟಕಟಕ ಒತ್ತಿದ.

"ತೆರ್ಕತ್ತು ಸಾ."

ನಾನು ಹೌಹಾರಿದೆ. "ಅದು ಹೇಗಯ್ಯಾ?"

"ಮನೆದೇವ್ರು, ಮುಂದಕ್ಕೆ ಒಂದು ಎಲ್ಡು ಮೂರು. ಇಲ್ಲಿಗೆ ಬರೋ ಮುಕ್ಕಾಲು ಪಾಲು ಜನದ್ದು ಇಂಗೇ ಸಾ. ಪಾಸ್‌ವರ್ಡ್ ಕೇಳುದ್ರೆ ರೇಗ್ತಾರೆ, ದೇವ್ರ ಕೇಳುದ್ರೆ ಕೈಮುಗ್ದು ಏಳ್ತಾರೆ."

ಮಾತಾಡುತ್ತಲೇ ಅವನ ಬೆರಳು ವಿಡಿಯೊಗಳ ಕಡೆ ಸರಿಯಿತು. ಇಡ್ಲಿ ಮುಚ್ಚಳದ ಅಂಚು ಕಂಡಿತೋ ಇಲ್ಲವೋ, ನಾನು ಹಾರಿ ಟ್ಯಾಬನ್ನು ಕಿತ್ತುಕೊಂಡು ಎದೆಗೆ ಅವುಚಿಕೊಂಡೆ. ಅಂಟು ಒಣಗದ ಸ್ಕ್ರೀನು ಚಟ್ ಎಂದಿತು. ಟ್ಯಾಬು ನನ್ನ ಅಪ್ಪುಗೆಯಲ್ಲೇ ಪ್ರಾಣ ಬಿಟ್ಟಿತು. ಈ ಸಲ ರಾಗಿಯೂ ಉಳಿಸುವಂತಿರಲಿಲ್ಲ. ಹಳೆಯದನ್ನು ಇಲ್ಲೇ ಬಿಟ್ಟುಹೋಗಿ ಎಂದ ಅಂಗಡಿಯವನು, ನಾನು ಒಪ್ಪಲಿಲ್ಲ. ಹೊಸದೊಂದು ಟ್ಯಾಬು ಕೊಂಡು, ಟ್ಯಾಬಿನ ಹಳೆಯ ಆನ್‌ಲೈನ್ ಖಾತೆಯ ಸಹವಾಸವೇ ಬೇಡವೆಂದು ಹೊಸ ಖಾತೆ ತೆರೆದೆ.

"ಈ ಸಲಿ ಯಾರ್ಗೂ ಗೊತ್ತಾಗ್ದಂಗೆ ಪಾಸ್‌ವರ್ಡ್ ಇಕ್ಕಳಿ ಸಾ" ಎಂದ.

ಬಹಳ ಯೋಚಿಸಿ ಇಟ್ಟೆ. ಹೆಂಡತಿಯ ತವರಿನ ಮನೆದೇವರು, ಮುಂದೆ ಒಂದು ಎರಡು ಮೂರು.

ಹೊಳೆಗೆ ಬಿಟ್ಟದ್ದು

ಸತ್ತ ಟ್ಯಾಬಿನಿಂದಲೂ ವಿಡಿಯೊ ಎತ್ತಬಹುದು ಎಂದು ಬ್ಯಾಂಕಿನ ಗೆಳೆಯನೊಬ್ಬ ಹೆದರಿಸಿದ. ಮನೆಯಲ್ಲಿಟ್ಟರೆ ಅವ್ವ ಗುಜರಿಗೆ ಹಾಕುತ್ತಾಳೆ. ಗುಜರಿಯವನು ಯಾರಿಗೆ ಕೊಡುತ್ತಾನೋ. ಯೋಚಿಸಿ ಯೋಚಿಸಿ ತಲೆಕೆಟ್ಟು, ಒಂದು ಬೆಳಗ್ಗೆ ಟ್ಯಾಬನ್ನು ಟವೆಲಿನಲ್ಲಿ ಸುತ್ತಿಕೊಂಡು ನಿಮಿಷಾಂಬ ದೇವಸ್ಥಾನದ ಬಳಿ ಹೊಳೆಗೆ ಇಳಿದೆ. ಹೊಳೆಗೆ ಏನೂ ಎಸೆಯಬಾರದು ಎಂದು ಮಕ್ಕಳಿಗೆ ಬೈಯುವವನೂ ನಾನೇ. ಆದರೆ ಮಾನದ ಪ್ರಶ್ನೆ. ಅತ್ತ ಇತ್ತ ನೋಡಿ, ತಾಯೀ ಕಾವೇರಿ ನೀನೇ ಮುಚ್ಚಿಕೋ ಎಂದು ಬಿಟ್ಟುಬಿಟ್ಟೆ.

"ಅಯ್ಯಯ್ಯೋ, ಸಾರ್ದು ಬಿದ್ದೋಯ್ತು!" ಎಂದು ದಡದಲ್ಲಿದ್ದ ತೆಪ್ಪದವನು ಕೂಗಿಕೊಂಡ. "ಬ್ಯಾಡಪ್ಪಾ, ಹೋಗಲಿ ಬಿಡು" ಎನ್ನುವಷ್ಟರಲ್ಲಿ ಧುಮುಕಿಯೇ ಬಿಟ್ಟಿದ್ದ. ಸ್ನಾನಕ್ಕೆ ಬಂದವರು, ಪೂಜೆಗೆ ಬಂದವರು ಎಲ್ಲರೂ ಸುತ್ತ ಸೇರಿದರು. ಅವನು ಮುಳುಗಿ ಎದ್ದು, ಮುಳುಗಿ ಎದ್ದು, ಕಡೆಗೆ ಟ್ಯಾಬನ್ನು ಎತ್ತಿ ಹಿಡಿದಾಗ ಚಪ್ಪಾಳೆಯೂ ಬಿತ್ತು. ನನ್ನ ಮುಖ ನೋಡಿ ಎಲ್ಲರಿಗೂ ಕನಿಕರ. ಆನಂದಕ್ಕೆ ಮಾತೇ ಹೊರಡುತ್ತಿಲ್ಲ ಎಂದುಕೊಂಡರು.

ನೀರು ಸೋರುತ್ತಿದ್ದ ಟ್ಯಾಬನ್ನು ನನ್ನ ಕೈಗಿಟ್ಟಾಗ, ಹೂವು ಮಾರುವ ಅಮ್ಮ ಹತ್ತಿರ ಬಂದು ಸಮಾಧಾನ ಹೇಳಿದಳು:

"ಅಳ್ಬೇಡಿ ಸಾ. ಮನೇಗ್ ಓಗಿ ರಾಗೀಲಿ ಇಕ್ಕಿ."

ಮಹಾರಾಜನ ದರ್ಬಾರು

ಆ ಟ್ಯಾಬನ್ನು ಅದೇ ಹಿಟ್ಟಿನ ಕೋಲಿನಲ್ಲಿ ಜಜ್ಜಿ ಚೂರು ಮಾಡಿದ ಮೇಲೆ ನನಗೆ ನಿದ್ದೆ ಹತ್ತಿತು. ನಾಟಕದ ದಿನ ಎದೆ ಸೆಟೆಸಿಕೊಂಡು, ಹೆಂಡತಿಯ ಜೊತೆ ಸಿಂಧಘಟ್ಟಕ್ಕೆ ಹೋದೆ. ಮಾವನ ಮನೆಯ ನಡುಮನೆಯಲ್ಲಿ ಅಕ್ಕಪಕ್ಕದವರೆಲ್ಲ ಟೀವಿಯ ಮುಂದೆ ಕೂತಿದ್ದರು. ಯಾವುದೋ ಧಾರಾವಾಹಿ ಇರಬೇಕು ಎಂದು ನಾನೂ ಇಣುಕಿದೆ.

ಟೀವಿಯಲ್ಲಿ ಪಟಾಪಟಿ ಚಡ್ಡಿ. ಅದರ ಮೇಲೆ ಬನೀನು. ಅದರ ಮೇಲೆ ನಾನು.

ಹೋದ ಗೌರಿ ಹಬ್ಬದಲ್ಲಿ ಆ ಟೀವಿಯನ್ನು ಜೋಡಿಸಿ ಕೊಟ್ಟ ಜಾಣ ನಾನೇ. ನನ್ನ ಹಳೆಯ ಖಾತೆಯನ್ನು ಅದರಲ್ಲಿ ತೆರೆದವನು ಮುಚ್ಚದೆ ಬಂದಿದ್ದೆ. ನಾನು ಟ್ಯಾಬಿನಲ್ಲಿ ತೆಗೆದದ್ದೆಲ್ಲ ತಾನಾಗಿ ಖಾತೆಗೆ ಹತ್ತಿ, ಅಲ್ಲಿಂದ ನೇರ ಮಾವನ ನಡುಮನೆಗೆ ಇಳಿಯುತ್ತಿತ್ತು. ಊರೂರು ಅಲೆದು, ಹೊಳೆಯನ್ನೂ ಬಿಡದೆ ನಾನು ಮುಚ್ಚಿಟ್ಟದ್ದನ್ನು ಇವರು ದಿನಾ ಸಂಜೆ ಕಾಫಿ ಜೊತೆ ನೋಡುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮಾವ ಮಾತ್ರ ಗಂಭೀರವಾಗಿ ಹೇಳಿದರು:

"ಪರ್ವಾಗಿಲ್ಲ ಅಳಿಯಂದ್ರೇ. ಆದ್ರೆ ಎರಡ್ನೇ ಪದ್ಯದಲ್ಲಿ ಉಸ್ರು ಸಾಲ್ದು. ಇಡ್ಲಿ ಮುಚ್ಳ ಒಸಿ ಬಿಗಿ ಆಯ್ತೇನೋ."

ಆ ಹೊಡೆತದಿಂದ ಚೇತರಿಸಿಕೊಳ್ಳುವ ಮುಂಚೆಯೇ ಬಣ್ಣ ಬಳಿದು, ನಿಜವಾದ ಕಿರೀಟವಿಟ್ಟು ನನ್ನನ್ನು ರಂಗಕ್ಕೆ ದಬ್ಬಿದರು. ಪರದೆ ಸರಿಯಿತು. ಊರಿಗೆ ಊರೇ ಕೂತಿತ್ತು. ಮುಂದಿನ ಸಾಲಿನಲ್ಲಿ ಮಾವನ ನಡುಮನೆಯವರೆಲ್ಲ, ಅವರ ನಡುವೆ ನನ್ನ ಹೆಂಡತಿ. ಗದೆ ಎತ್ತಿದೆ.

"ಎಲೈ ಸೇನಾಪತಿ!" ಎಂದೆ. ಮುಂದೇನು? ತಲೆ ಒರೆಸಿದ ಸ್ಲೇಟಾಗಿತ್ತು. ಹಾರ್ಮೋನಿಯಂ ಮೇಷ್ಟ್ರು ಏನೋ ತುಟಿ ಅಲ್ಲಾಡಿಸಿದರು, ಅವರ ಮೀಸೆ ಅಡ್ಡ ಬಂತು. "ಎಲೈ ಸೇನಾಪತಿ!" ಎಂದು ಮತ್ತೊಮ್ಮೆ ಕೂಗಿದೆ. ಸೇನಾಪತಿ ಪಾಪ ಬೆವರತೊಡಗಿದ. ಮಾವ ತಲೆಯ ಮೇಲೆ ಕೈಹೊತ್ತರು. ಇಷ್ಟು ದಿನ ಕಾಪಾಡಿಕೊಂಡ ಮರ್ಯಾದೆ ಇಡೀ ಊರಿನ ಮುಂದೆ ಹೋಗುವ ಹೊತ್ತು.

ಆಗ ಮುಂದಿನ ಸಾಲು ಒಂದೇ ಕೊರಳಿನಲ್ಲಿ ಹೇಳಿಕೊಟ್ಟಿತು:

"ನನ್ನ ಭುಜಬಲಕ್ಕೆ ದಿಕ್ಕುಗಳೇ ನಡುಗುತ್ತಿರುವಾಗ..."

ಪುಣ್ಯಾತ್ಮರು! ನಾನು ಅವರ ಹಿಂದೆಯೇ ಗುಡುಗಿದೆ: "ನನ್ನ ಭುಜಬಲಕ್ಕೆ ದಿಕ್ಕುಗಳೇ ನಡುಗುತ್ತಿರುವಾಗ!"

"ಸಂಧಾನದ ಮಾತೇಕೆ?" ಎಂದರು ಅವರು.

"ಸಂಧಾನದ ಮಾತೇಕೆ!" ಎಂದೆ ನಾನು, ಗದೆಯನ್ನು ನೆಲಕ್ಕೆ ಕುಟ್ಟಿ. ಚಪ್ಪಾಳೆ ಬಿತ್ತು. ಮಾವನ ಕೈ ತಲೆಯಿಂದ ಇಳಿಯಿತು. ನನಗೂ ಹುಮ್ಮಸ್ಸು ಏರಿತು. ಇನ್ನು ಇವರು ಏನು ಹೇಳಿಕೊಟ್ಟರೂ ಸರಿ, ಹಾಗೇ ಹೇಳಿಬಿಡುವುದು ಎಂದುಕೊಂಡೆ.

"ಲೇ, ಆಲು ಉಕ್ತಾ ಅದೆ ನೋಡೇ!" ಎಂದರು ಅವರು, ಕಂಠಪಾಠವಾಗಿದ್ದ ರಭಸದಲ್ಲಿ.

"ಲೇ, ಹಾಲು ಉಕ್ತಾ ಅದೆ ನೋಡೇ!" ಎಂದು ಕಿರೀಟ ಅದುರುವಂತೆ ಅಬ್ಬರಿಸಿದೆ.

ಇಡೀ ಸಭೆ ಕಲ್ಲಾಯಿತು. ಆ ಮೌನದಲ್ಲಿ ಮುಂದಿನ ಸಾಲಿನಿಂದ ನನ್ನ ಹೆಂಡತಿ ಅಭ್ಯಾಸಬಲದಿಂದ ಎದ್ದುನಿಂತು ಕೂಗಿದಳು:

"ಆರಿಸ್ದೆ ಕಣ್ರೀ, ನೀವು ಯುದ್ಧ ಮಾಡಿ!"