ಅತ್ತ ಟಗರು, ಇತ್ತ ಮೇಟ್ರನ್

ಹೆದರುವವರ ಮೇಲೇ ಹಾವು ಎಸೆದರು ಅಂತ ಗಾದೆ ಇದೆ. ಎಸೆಯುವವರಿಗೆ ನನ್ನ ವಿಳಾಸ ಯಾರು ಕೊಡುತ್ತಾರೋ ಗೊತ್ತಿಲ್ಲ. ನಾನು ಮಿಲಿಟರಿ ಆಸ್ಪತ್ರೆಯ ನರ್ಸ್, ಹುಟ್ಟಾ ಪುಕ್ಕಲಿ. ಎರಡೂ ನಿಜ.

ಭರ್ತಿ

ಜತ್ತ ತಾಲೂಕಿನ ಸನಮಡಿ ನಮ್ಮೂರು. ಕುರಿ ಸಾಕುವ ಮನೆ. ಮಿಲಿಟರಿ ಭರ್ತಿಗೆ ತಯಾರಿ ಮಾಡುವ ಹುಡುಗರು ದಿನಾ ಮುಂಜಾನೆ ನಮ್ಮ ಮನೆಯ ಮುಂದಿನ ರಸ್ತೆಯಲ್ಲೇ ಓಡುತ್ತಿದ್ದರು. ನಾನಾಗ ನರ್ಸಿಂಗ್ ಮುಗಿಸಿ ಮನೆಯಲ್ಲಿದ್ದೆ. ಒಂದು ದಿನ ಅವರೆಲ್ಲರನ್ನೂ ಹಿಂದೆ ಹಾಕಿ ನಾನೇ ಮುಂದೆ ಓಡಿದೆ.

ಅಪ್ಪ ಹಿಗ್ಗಿ ಹೀರೇಕಾಯಿಯಾದ. "ಇಕಿನ್ನ ಮಿಲಿಟರಿಗೇ ಕಳಸೂಣು. ನರ್ಸ್ ಆಗಿ ಹೋಗ್ಲಿ" ಅಂದ.

ಊರವರು ಸುಮ್ಮನಿರುತ್ತಾರೆಯೇ? "ಎಂಟ ದಿನಕ್ಕ ತಿರುಗಿ ಬರ್ತಾಳ ತಗೋರಿ" ಅಂದರು. ನನ್ನ ತಂಗಿ, ತಾನೂ ನರ್ಸ್ ಆಗುತ್ತೇನೆ ಅಂತ ಹಟ ಹಿಡಿದಿದ್ದಳು. ಅವಳಿಗೆ ಅಪ್ಪ ಹೇಳಿದ: "ಅಕ್ಕ ಅಲ್ಲಿ ನಿಂತಳಂದ್ರ ನಿನ್ನೂ ಓದಸ್ತೀನಿ. ತಿರುಗಿ ಬಂದ್ಳಂದ್ರ ಇಬ್ರೂ ಕುರಿ ಹಿಂದ ಹೋಗ್ರಿ."

ಹೀಗೆ ತಂಗಿಯ ಓದೂ ನನ್ನ ಕೊರಳಿಗೇ ಬಿತ್ತು. ಪಾಪ ಅಪ್ಪ, ಅವತ್ತು ನಾನು ಹಿಂದೆ ಹಾಕಿದ ಹುಡುಗರನ್ನಷ್ಟೇ ನೋಡಿದ್ದ. ನನ್ನನ್ನು ಅಟ್ಟಿಸಿಕೊಂಡು ಬರುತ್ತಿದ್ದ ನಮ್ಮದೇ ಟಗರನ್ನು ನೋಡಿರಲಿಲ್ಲ.

ಸೆಲ್ಯೂಟ್

ನರ್ಸ್ ಆದರೂ ಮಿಲಿಟರಿಯಲ್ಲಿ ನಾವು ಆಫೀಸರುಗಳು. ಭುಜಕ್ಕೆ ನಕ್ಷತ್ರ ಬರುತ್ತದೆ. ಆ ನಕ್ಷತ್ರಕ್ಕೆ ಸೆಲ್ಯೂಟ್ ಬರುತ್ತದೆ ಅಂತ ನನಗೆ ಗೊತ್ತಿತ್ತು. ಅಷ್ಟು ಸಪ್ಪಳ ಮಾಡಿಕೊಂಡು ಬರುತ್ತದೆ ಅಂತ ಗೊತ್ತಿರಲಿಲ್ಲ.

ಆಯ್ಕೆಯಾಗಿ ಆಸ್ಪತ್ರೆ ಸೇರಿದ ಮೊದಲ ದಿನ ವರಾಂಡದಲ್ಲಿ ದೊಡ್ಡ ಮೀಸೆಯ ಹವಾಲ್ದಾರರೊಬ್ಬರು ಎದುರಾಗಿ, ಬೂಟು ನೆಲಕ್ಕೆ ಅಪ್ಪಳಿಸಿ ಸೆಲ್ಯೂಟ್ ಹೊಡೆದರು. ನಾನು "ಯವ್ವಾ!" ಅಂತ ಹಾರಿಬಿದ್ದು ಎರಡೂ ಕೈ ಜೋಡಿಸಿದೆ. "ನಮಸ್ಕಾರ್ರಿ ಕಾಕಾ, ನಂದೇನ ತಪ್ಪಿಲ್ರಿ!"

ಕನ್ನಡ ಬಾರದ ಆ ಮನುಷ್ಯ, ತನ್ನ ಸೆಲ್ಯೂಟ್ ಸರಿಯಾಗಲಿಲ್ಲವೇನೋ ಅಂದುಕೊಂಡು ಇನ್ನೂ ಜೋರಾಗಿ ಹೊಡೆದರು. ನಾನು ಇನ್ನೂ ಎತ್ತರಕ್ಕೆ ಹಾರಿದೆ.

ಮರುದಿನದಿಂದ ಅವರು ದೂರದಲ್ಲೇ ನಿಂತು ಒಮ್ಮೆ ಕೆಮ್ಮುತ್ತಿದ್ದರು. ನಾನು ಗೋಡೆ ಹಿಡಿದುಕೊಂಡ ಮೇಲೆ ಸೆಲ್ಯೂಟ್ ಹೊಡೆಯುತ್ತಿದ್ದರು.

ಟ್ರೂ... ಟ್ರೂ...

ಆರಡಿ ಎತ್ತರದ ಒಬ್ಬ ಜವಾನ. ಗಡಿಯಲ್ಲಿ ಗುಂಡಿಗೆ ಹೆದರದವನು ನನ್ನ ಸೂಜಿ ಕಂಡು ಮಂಚದ ಸುತ್ತ ಓಡತೊಡಗಿದ. ಅಷ್ಟರಲ್ಲಿ ನಮ್ಮ ನರ್ಸುಗಳಿಗೆಲ್ಲ ಮೇಲಧಿಕಾರಿಯಾದ ಮೇಟ್ರನ್ ಮ್ಯಾಡಮ್ ರೌಂಡ್ಸಿಗೆ ಬರುತ್ತಿದ್ದಾರೆಂದು ಸುದ್ದಿ ಬಂತು. ಅವರ ಹೆಸರು ಕೇಳಿದರೆ ಜ್ವರವಿದ್ದವರ ಜ್ವರವೂ ಇಳಿಯುತ್ತಿತ್ತು.

ಹೆದರಿಕೆಗೆ ನನ್ನ ತಲೆ ಕೆಲಸ ನಿಲ್ಲಿಸಿತು. ಕೈ ಮಾತ್ರ ನಿಲ್ಲಿಸಲಿಲ್ಲ. ಮನೆಯಲ್ಲಿ ಕುರಿಗಳಿಗೆ ಸೂಜಿ ಹಾಕುವಾಗ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹೇಗೆ ಹಿಡಿಯುತ್ತಿದ್ದಳೋ ಹಾಗೇ ಹಿಡಿದುಬಿಟ್ಟೆ. ಒಂದು ಕೈಯಲ್ಲಿ ಕಿವಿ, ಕಂಕುಳಲ್ಲಿ ಕುತ್ತಿಗೆ, ಬಾಯಲ್ಲಿ "ಟ್ರೂ... ಟ್ರೂ... ನಿಂದ್ರ ನನ ಕೂಸ!" ಜವಾನ ತಣ್ಣಗೆ ನಿಂತ. ಸೂಜಿ ಹೋಯಿತು, ಬಂತು. ಅವನಿಗೆ ಗೊತ್ತೇ ಆಗಲಿಲ್ಲ.

ತಲೆಯೆತ್ತಿದರೆ ಬಾಗಿಲಲ್ಲಿ ಮೇಟ್ರನ್! ಇಡೀ ವಾರ್ಡು ಉಸಿರು ಬಿಗಿಹಿಡಿಯಿತು. ಆ ನಿಶ್ಶಬ್ದದಲ್ಲಿ ಮೂಲೆಯ ಮಂಚದ ಪೇಶಂಟ್ ಒಬ್ಬ ಮೆಲ್ಲಗೆ "ಬ್ಯಾ..." ಅಂದ.

ಕರೆ ಬಂತು

ಮರುದಿನವೇ ಮೇಟ್ರನ್ ಕೋಣೆಯಿಂದ ಕರೆ. ನನ್ನ ಕತೆ ಮುಗಿಯಿತು ಅಂದುಕೊಂಡೆ. ಅತ್ತ ದರಿ, ಇತ್ತ ಪುಲಿ ಅಂತಾರಲ್ಲ, ನನಗೆ ಅತ್ತ ಟಗರು, ಇತ್ತ ಮೇಟ್ರನ್. ನನ್ನದು ಹೋಗಲಿ, ತಂಗಿಯ ಮುಖ ಕಣ್ಣ ಮುಂದೆ ಬಂದು ನಿಜಕ್ಕೂ ಅಳು ಬಂತು. ಕಣ್ಣೊರೆಸಿಕೊಂಡು ಒಳಗೆ ಹೋದೆ.

"ಬಾಗಿಲು ಹಾಕು" ಅಂದರು. ಹಾಕಿದೆ. "ಚಿಲಕ." ಅದನ್ನೂ ಹಾಕಿದೆ.

"ಮ್ಯಾಡಮ್, ಮನೆಗೆ ಮಾತ್ರ ಕಳಿಸಬೇಡಿ" ಅಂತ ಗೋಗರೆದೆ.

"ನಿನ್ನನ್ನು ಮನೆಗೆ ಕಳಿಸಿದರೆ ಇದನ್ನು ಯಾರು ಮಾಡುತ್ತಾರೆ?" ಅಂತ ಮೇಜಿನ ಮೇಲಿನ ಟ್ರೇ ತೋರಿಸಿದರು. ಅದರಲ್ಲಿ ಒಂದು ಸೂಜಿ. ತೋಟದಲ್ಲಿ ಅವರ ಕಾಲಿಗೆ ಮೊಳೆ ಚುಚ್ಚಿತ್ತಂತೆ. "ಜನ್ಮವಿಡೀ ಬೇರೆಯವರಿಗೆ ಚುಚ್ಚಿದ್ದೇನೆ. ನನಗೆ ಚುಚ್ಚುತ್ತಾರೆ ಅಂದರೆ ಜೀವವೇ ಹೋಗುತ್ತದೆ. ಹೊರಗೆ ಬಾಯಿ ಬಿಟ್ಟರೆ ನೋಡು!"

ಆಗ ನೋಡಿದೆ. ಸೆಲ್ಯೂಟಿಗೆ ನಾನು ಗೋಡೆ ಹಿಡಿಯುತ್ತಿದ್ದ ಹಾಗೇ ಅವರು ಮೇಜು ಹಿಡಿದುಕೊಂಡಿದ್ದರು. ನಾನು ಮರ್ಯಾದೆಯಿಂದ ಅವರ ತೋಳು ಹಿಡಿದೆ.

"ಹಾಗಲ್ಲ" ಅಂದರು ಮೇಟ್ರನ್. ಕೂದಲು ಹಿಂದಕ್ಕೆ ಸರಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ತಲೆ ನನ್ನತ್ತ ವಾಲಿಸಿ, "ಆ ಜವಾನನಿಗೆ ಹಿಡಿದ ಹಾಗೆ ಹಿಡಿ. ಆ ಸದ್ದೂ ಮಾಡು" ಅಂದರು.

ಹಿಡಿದೆ. ಮಾಡಿದೆ. ಅವರು ಕಿಮಕ್ ಅನ್ನಲಿಲ್ಲ.

ಸಂಜೆ ಮನೆಗೆ ಫೋನ್ ಮಾಡಿದೆ. ಅಪ್ಪ ಹೆದರುತ್ತಲೇ ಕೇಳಿದ: "ಯಾಕವಾ, ತಿರುಗಿ ಬರಾಕತ್ತಿಯೇನ?"

"ಇಲ್ಲಪಾ. ನಾ ಇಲ್ಲೇ ನಿಂತೆ. ತಂಗೀನ ನರ್ಸಿಂಗಿಗೆ ಹಚ್ಚು. ಆದ್ರ ಅದಕಿಂತ ಮೊದಲ ಆಯಿ ಕಡೆಯಿಂದ ಕುರಿ ಹಿಡಿಯೂದು ಕಲೀಲಿ."