ಕಡಲಜ್ಜನನ್ನು ಕೊಲ್ಲಬಾರದೆಂದು ಮುಂಬಯಿಯ ನಿರ್ಮಾಪಕರಿಗೆ ಒಂದು ಅರಿಕೆ

ಬಿಜೈ, ಮಂಗಳೂರು
ಜೂನ್ ೧೯೭೯

ಮಾನ್ಯರೇ,

ಸಮುದ್ರರಾಕ್ಷಸನ ಆ ಕಪ್ಪುಬಿಳುಪು ಚಿತ್ರವನ್ನು ಲೋಕಕ್ಕೆ ಕೊಟ್ಟ ಮಹನೀಯರ ಸುಪುತ್ರರೂ, ಈಗ ಅದನ್ನೇ ಬಣ್ಣದಲ್ಲಿ ಮತ್ತೊಮ್ಮೆ ತೆಗೆಯಲು ಹೊರಟ ಧೈರ್ಯಶಾಲಿಗಳೂ ಆದ ತಮಗೆ, ಮಂಗಳೂರಿನ ಕಡಲಜ್ಜ ಅಭಿಮಾನಿ ಬಳಗದ ಕಾರ್ಯದರ್ಶಿ ಮಹಾಬಲನು ಮಾಡುವ ಸಾವಿರ ನಮಸ್ಕಾರಗಳು. ತಮಗೆ ಕನ್ನಡ ಬಾರದೆಂದು ಬಲ್ಲೆ. ಆದರೆ ಮುಂಬಯಿಯಲ್ಲಿ ತಾವು ಚಹಾ ಕುಡಿಯುವ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು ಬಹುಮಟ್ಟಿಗೆ ನಮ್ಮ ಕಡೆಯವರೇ ಆಗಿರುವುದರಿಂದ, ಈ ಪತ್ರವನ್ನು ಅವರ ಕೈಗೆ ಕೊಟ್ಟರೆ ಓದಿ ಅರ್ಥ ಹೇಳಿಯಾರು. ನಡುವೆ ಅವರು ಸ್ವರ ಏರಿಸಿದರೆ ಅದು ನನ್ನ ಸ್ವರವೆಂದು ತಾವು ತಿಳಿಯತಕ್ಕದ್ದು.

ಕಡಲಜ್ಜನೆಂದರೆ ತಮ್ಮ ರಾಕ್ಷಸನೇ. ತಾವು ಅವನಿಗೆ ಇಟ್ಟ ಹೆಸರು ನಮ್ಮ ಬಾಯಿಗೆ ಹಿಡಿಯಲಿಲ್ಲ. ಕಡಲಿನಿಂದ ಬಂದವನು, ವಯಸ್ಸಾದವನು, ಸ್ವಲ್ಪ ಮುಂಗೋಪಿ, ಆದ್ದರಿಂದ ಕಡಲಜ್ಜ. ಪ್ರತಿವರ್ಷ ಆಟಿ ತಿಂಗಳಲ್ಲಿ, ಮಳೆಗೆ ಕಡಲು ಹುಚ್ಚೆದ್ದು ಮೀನಿನ ದೋಣಿಗಳೆಲ್ಲ ದಡದಲ್ಲಿ ಮಗುಚಿ ಮಲಗಿರುವಾಗ, ನಮ್ಮ ಬಂದರಿನ ಬಳಿಯ ಟಾಕೀಸಿನ ಯಜಮಾನರಾದ ಸರ್ವೋತ್ತಮರು ಆ ಹಳೆಯ ಚಿತ್ರವನ್ನು ತರಿಸಿ ಮಧ್ಯಾಹ್ನದ ಆಟ ಹಾಕುತ್ತಾರೆ. ಹೊಳೆಯ ಆಚೆಯ ಬೆಂಗ್ರೆಯಿಂದ ಮೀನುಗಾರರ ಮನೆಮನೆಯೇ ದೋಣಿ ಹತ್ತಿ ಬರುತ್ತದೆ. ಹಲಸಿನ ಹಪ್ಪಳ ಮುರಿಯುವ ಸದ್ದಿನಲ್ಲಿ ತಮ್ಮ ವಿಜ್ಞಾನಿಯ ಭಾಷಣ ಇವತ್ತಿನವರೆಗೆ ಒಬ್ಬರಿಗೂ ಕೇಳಿಸಿಲ್ಲ, ಕೇಳಿಸಲಿಲ್ಲವೆಂದು ಒಬ್ಬರೂ ಬೇಸರಪಟ್ಟಿದ್ದೂ ಇಲ್ಲ.

ಹೊಸ ಚಿತ್ರದ ಸುದ್ದಿ ಬಂದಂದಿನಿಂದ ಬಳಗದಲ್ಲಿ ಸಂತೋಷಕ್ಕಿಂತ ಚರ್ಚೆಯೇ ಜಾಸ್ತಿಯಾಗಿದೆ. ಅಜ್ಜನ ಬಣ್ಣ ಯಾವುದೆಂಬುದು ಮೊದಲನೆಯ ತಕರಾರು. ಹಸಿರೆಂದು ಫಳ್ನೀರಿನ ಮಟಿಲ್ಡಾ ಟೀಚರು, ಬಂಗುಡೆ ಮೀನಿನ ಬೆನ್ನಿನ ಬಣ್ಣವೆಂದು ಹೊಳೆ ದಾಟಿಸುವ ದೋಣಿಯ ರವೂಫ್. ಇಬ್ಬರೂ ಈಗ ಮಾತು ಬಿಟ್ಟಿದ್ದಾರೆ. ಅಜ್ಜನ ಬೆನ್ನಿನಲ್ಲಿ ಕಾಣುವ ವೇಷದ ಗುಂಡಿಗಳನ್ನು ತಾವು ಮುಚ್ಚುವಿರೆಂದು ಕೇಳಿದೆವು, ದಯವಿಟ್ಟು ಬೇಡ. ಆ ದಪ್ಪ ವೇಷದೊಳಗೆ ಯಾರೋ ಒಬ್ಬ ಬಡಪಾಯಿ ಬೆವರುತ್ತಿದ್ದಾನೆಂದು ಗೊತ್ತಿದ್ದೇ ನಾವು ಅವನನ್ನು ಇಷ್ಟು ಪ್ರೀತಿಸಿದ್ದು. ಅಜ್ಜನಿಗೆ ನಾಯಕಿಯ ಮೇಲೆ ಮೋಹ ಹುಟ್ಟುತ್ತದೆ ಎಂಬ ಸುದ್ದಿಯ ಬಗ್ಗೆ, ಅವನ ವಯಸ್ಸನ್ನು ನೆನೆದು, ಏನನ್ನೂ ಬರೆಯದಿರಲು ಬಳಗ ತೀರ್ಮಾನಿಸಿದೆ.

ಹಾಗೆಯೇ, ಈ ಬಾರಿಯಾದರೂ ಅಜ್ಜ ಮುಂಬಯಿಯನ್ನು ಬಿಟ್ಟು ಮಂಗಳೂರನ್ನು ತುಳಿಯಬೇಕೆಂದು ಕೋರುತ್ತೇವೆ. ಮುಂಬಯಿಯಲ್ಲಿ ಅವನು ಕೆಡವಿದ್ದೆಲ್ಲ ಚೆನ್ನಾಗಿದ್ದ ಕಟ್ಟಡಗಳು, ನೋಡಿ ಹೊಟ್ಟೆ ಉರಿಯಿತು. ಬಿಜೈಯಲ್ಲಿ ನಮ್ಮ ಮನೆಯೆದುರು ಅಗೆದು ಹಾಗೆಯೇ ಬಿಟ್ಟ ಒಂದು ಚರಂಡಿ ಉಂಟು. ಅಜ್ಜ ಆ ಕಡೆ ಬಂದು ಒಂದೇ ಒಂದು ಹೆಜ್ಜೆ ಇಟ್ಟರೆ ಅದು ಮುಚ್ಚಿಹೋಗುತ್ತದೆ, ಊರಿಗೆ ಮಾಡಿದ ಸೇವೆಗಾಗಿ ಬಳಗದ ವತಿಯಿಂದ ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆ. ಆ ಅಳತೆಯ ಶಾಲನ್ನು ಮಾತ್ರ ತಾವೇ ಕಳುಹಿಸಬೇಕು.

ಇಷ್ಟೆಲ್ಲ ನಗುತ್ತ ಬರೆಯುತ್ತಿದ್ದ ನಮ್ಮ ಕೈ ನಿಂತದ್ದು ತಮ್ಮ ಜಾಹೀರಾತನ್ನು ನೋಡಿದಾಗ. 'ಹಿಂದಿನಂತೆಯೇ ರಾಕ್ಷಸನ ಭೀಕರ ಮರಣ, ಈಗ ವರ್ಣದಲ್ಲಿ!' ಎಂದು ತಾವು ಅಚ್ಚು ಹಾಕಿಸಿದ್ದೀರಿ. ಹಿಂದಿನಂತೆಯೇ ಎಂದರೆ ಏನು ಸ್ವಾಮಿ? ನಾವು ಕಂಡ ಕಡಲಜ್ಜ ಸತ್ತವನೇ ಅಲ್ಲ. ಊರನ್ನೆಲ್ಲ ತುಳಿದು ದಣಿದು ಅವನು ದಡಕ್ಕೆ ಬರುತ್ತಾನೆ, ನಮ್ಮ ಕಡೆ ಮುಖ ಮಾಡಿ ಸುಮ್ಮನೆ ನಿಲ್ಲುತ್ತಾನೆ, ಆಮೇಲೆ ತಿರುಗಿ ಮೆಲ್ಲಗೆ ಕಡಲಿಗಿಳಿದು ಹೋಗುತ್ತಾನೆ. ಅಲ್ಲಿಗೆ ಮುಗಿಯಿತು, ದೀಪ ಹತ್ತಿತು, ನಾವು ಕೊಡೆ ಬಿಡಿಸಿದೆವು.

ಬಳಗದವರೆಲ್ಲ ಸೇರಿ ಸರ್ವೋತ್ತಮರನ್ನು ಕೇಳಲು ಹೋದೆವು. ಅವರು ವೀಳ್ಯ ಜಗಿಯುವುದನ್ನು ನಿಲ್ಲಿಸದೆ ಒಪ್ಪಿಕೊಂಡರು: ಕೊನೆಯ ರೀಲನ್ನು ಅವರು ಒಂದು ವರ್ಷವೂ ಹಾಕಿಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿ ಹರಿಯುವಾಗ ಕತ್ತಲಾದ ಮೇಲೆ ರವೂಫ್ ದೋಣಿ ಬಿಡುವುದಿಲ್ಲ. ಚಿತ್ರ ಪೂರ್ತಿ ನೋಡಿದರೆ ಬೆಂಗ್ರೆಯವರಿಗೆ ಕಡೆಯ ದೋಣಿ ತಪ್ಪುತ್ತದೆ. "ಅಜ್ಜ ಸಾಯುವುದನ್ನು ನೋಡ್ತಾ ಕೂತರೆ ಇಷ್ಟು ಜನ ರಾತ್ರಿ ಮಲಗುವುದು ಎಲ್ಲಿ ಮಾರಾಯ್ರೆ, ನನ್ನ ಟಾಕೀಸಿನಲ್ಲಾ?" ಎಂದರು. ತಮ್ಮ ತಂದೆಯವರು ಅಪಾರ ಖರ್ಚಿನಲ್ಲಿ ತೆಗೆದ ಆ ಭೀಕರ ಮರಣವು ಪ್ರತಿ ಆಟಿಯಲ್ಲೂ ಟಿಕೆಟಿನ ಕಿಂಡಿಯ ಕೆಳಗೆ ಡಬ್ಬದಲ್ಲಿ ಭದ್ರವಾಗಿತ್ತು, ಟಿಕೆಟ್ ಹರಿಯುವವನು ಅದರ ಮೇಲೆ ಕಾಲಿಟ್ಟು ಕೂರುತ್ತಿದ್ದ.

ನಮಗೇನೋ ಇದು ತಮಾಷೆ. ಆದರೆ ನಮ್ಮ ಮನೆಗೆ ಮೀನು ತರುವ ಬೆಂಗ್ರೆಯ ಲಕ್ಷ್ಮಿಗೆ ಅಲ್ಲ. ಅವಳ ಗಂಡ ಬೂಬ ಕೆಲವು ವರ್ಷಗಳ ಹಿಂದೆ ಕಡಲಿಗೆ ಹೋದವನು ತಿರುಗಿ ಬರಲಿಲ್ಲ. ದೋಣಿ ಬಂತು, ಬಲೆ ಬಂತು, ಅವನು ಬರಲಿಲ್ಲ. ಆ ವರ್ಷದ ಆಟಿಯಲ್ಲಿ ನೆರೆಕರೆಯವರು ಅವಳನ್ನು ಒತ್ತಾಯ ಮಾಡಿ ಚಿತ್ರಕ್ಕೆ ಕರೆತಂದರು. ಅಜ್ಜ ದಡದಲ್ಲಿ ನಿಂತು ನಮ್ಮನ್ನು ನೋಡುವ ಹೊತ್ತಿಗೆ ಚಿತ್ರದಲ್ಲಿ ಸಂಗೀತವೂ ಇಲ್ಲ, ಮಾತೂ ಇಲ್ಲ. ಆಗ ಮುಂದಿನ ಬೆಂಚಿನಿಂದ ಲಕ್ಷ್ಮಿ ಎದ್ದು ಕೈ ಮುಗಿದು, ತುಳುವಿನಲ್ಲಿ (ತಮ್ಮ ಅನುಕೂಲಕ್ಕಾಗಿ ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ), "ಅಜ್ಜೇರೇ, ನೀವು ಹೇಗೂ ಅಲ್ಲಿಗೇ ಹೋಗ್ತೀರಲ್ಲ, ನಮ್ಮವರು ಕಂಡರೆ ಮನೆಯಲ್ಲಿ ಎಲ್ಲ ಸೌಖ್ಯ ಉಂಟು ಅಂತ ಹೇಳಿ" ಎಂದಳು. ದೈವದ ಎದುರು ನಿಂತು ಕಷ್ಟಸುಖ ಹೇಳಿಕೊಂಡು ಬಂದ ಊರು ನಮ್ಮದು, ಯಾರೂ ನಗಲಿಲ್ಲ.

ಅಂದಿನಿಂದ ಪ್ರತಿವರ್ಷ ಅವಳು ಬರುತ್ತಾಳೆ, ಎದ್ದು ನಿಂತು ಮನೆಯ ಸುದ್ದಿ ಹೇಳುತ್ತಾಳೆ. ಮನೆಯ ಮಾಡು ಸೋರುವುದನ್ನು ಸರಿ ಮಾಡಿಸಿದ್ದು, ಮಗಳು ಕುಮುದಿನಿಯ ಮದುವೆ ನಿಶ್ಚಯವಾದದ್ದು, ಎಲ್ಲವೂ ಅಜ್ಜನ ಮೂಲಕ ಕಡಲಿಗೆ ತಲುಪಿದೆ. ಆ ಹೊತ್ತಿಗೆ ಟಾಕೀಸಿನಲ್ಲಿ ಹಪ್ಪಳ ತಿನ್ನುವವರು ಕೂಡ ಬಾಯಿ ನಿಲ್ಲಿಸುತ್ತಾರೆ. ಈ ವರ್ಷ ಹೇಳಬೇಕಾದ ಸುದ್ದಿ ಎಲ್ಲಕ್ಕಿಂತ ದೊಡ್ಡದು: ಕುಮುದಿನಿ ಗಂಡುಮಗು ಹೆತ್ತಿದ್ದಾಳೆ. ಆದರೆ ಹೊಸದು ಬರುತ್ತದೆಂದು ತಾವು ಹಳೆಯ ಪ್ರತಿಗಳನ್ನೆಲ್ಲ ಮುಂಬಯಿಗೆ ತರಿಸಿಕೊಂಡಿರಿ. ಹೊಸದರಲ್ಲಿ ಸಂಗೀತವಿಲ್ಲದ ಕ್ಷಣವೇ ಇಲ್ಲವೆಂದು ಹೆಮ್ಮೆಯಿಂದ ಸಾರಿದಿರಿ. ಅದರ ಮೇಲೆ ಅಜ್ಜನನ್ನೂ ಕೊಲ್ಲುತ್ತೀರಿ. ಇನ್ನು ಅವಳು ಯಾರ ಹತ್ತಿರ ಹೇಳಿ ಕಳಿಸಬೇಕು?

ಆದ್ದರಿಂದ ಕಲೆಯ ವಿಷಯದಲ್ಲಿ ತಮ್ಮ ಅಗಾಧ ಜ್ಞಾನಕ್ಕೆ ತಲೆಬಾಗಿ ನಾವು ಬೇಡುವುದು ಇಷ್ಟೇ. ಮುಂಬಯಿಯನ್ನು ಬೇಕಾದ ಹಾಗೆ ಪುಡಿ ಮಾಡಿಸಿ, ನಾಯಕಿಯನ್ನು ಬೇಕಾದಷ್ಟು ಮಳೆಯಲ್ಲಿ ನೆನೆಸಿ, ವಿಜ್ಞಾನಿಗೆ ಇನ್ನೂ ಉದ್ದದ ಭಾಷಣ ಕೊಡಿ. ಅಜ್ಜನನ್ನು ಮಾತ್ರ ದಡದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿಸಿ, ಆಮೇಲೆ ಜೀವಂತವಾಗಿ ಮನೆಗೆ ಕಳುಹಿಸಿಕೊಡಿ.

ತಮ್ಮ ಹೊಸ ಚಿತ್ರದ ಯಶಸ್ಸನ್ನೂ ಅದರ ಕೊನೆಯ ರೀಲಿನ ಅಪಯಶಸ್ಸನ್ನೂ ಒಟ್ಟಿಗೇ ಹಾರೈಸುವ,

ತಮ್ಮ ವಿಶ್ವಾಸಿ,
ಮಹಾಬಲ
ಕಾರ್ಯದರ್ಶಿ, ಕಡಲಜ್ಜ ಅಭಿಮಾನಿ ಬಳಗ

ತಾ.ಕ.: ನಿನ್ನೆ ಒಣಮೀನು ತಂದ ಲಕ್ಷ್ಮಿ ತಮ್ಮ ಜಾಹೀರಾತನ್ನು ನನ್ನ ಕೈಗೆ ಕೊಟ್ಟು, ಎಂತ ಬರೆದಿದ್ದಾರೆಂದು ಕೇಳಿದಳು. 'ಅಜ್ಜ ಕೊನೆಗೆ ಕಡಲಿಗೆ ಹೋಗ್ತಾನೆ' ಎಂದು ನಾನು ಗಟ್ಟಿಯಾಗಿ ಓದಿದೆ. "ಅದು ಗೊತ್ತುಂಟಲ್ಲ, ಅದನ್ನು ಪೇಪರಿನಲ್ಲಿ ಹಾಕುವುದು ಎಂತಕ್ಕೆ?" ಎಂದು ಬುಟ್ಟಿ ಹೊತ್ತು ಹೋದಳು. ನನ್ನ ಮಾತನ್ನು ನಿಜ ಮಾಡುವ ಭಾರ ತಮ್ಮದು. ತಮಗೆ ಪುರುಸೊತ್ತಿಲ್ಲದಿದ್ದರೆ ಚಿಂತೆ ಬೇಡ: ತಮ್ಮ ಹೊಸ ರೀಲಿಗಾಗಿ ಸರ್ವೋತ್ತಮರು ಟಿಕೆಟಿನ ಕಿಂಡಿಯ ಕೆಳಗೆ ಆಗಲೇ ಜಾಗ ಗುಡಿಸಿಟ್ಟಿದ್ದಾರೆ. ಅಜ್ಜ ದಡಕ್ಕೆ ಬರುವ ಹೊತ್ತಿಗೆ ಸರಿಯಾಗಿ ಧ್ವನಿಯ ಯಂತ್ರ ಕೆಡುತ್ತದೆಂದೂ ಮಾತು ಕೊಟ್ಟಿದ್ದಾರೆ. ಹೆಚ್ಚು ಹೊತ್ತೇನೂ ಬೇಡ. ಮೊಮ್ಮಗ ಹುಟ್ಟಿದ್ದಾನೆ, ಮೂಗು ಥೇಟ್ ಅವರದೇ ಎಂದು ಲಕ್ಷ್ಮಿ ಹೇಳಿ ಮುಗಿಸುವಷ್ಟು ಸಾಕು.